ಲಡಾಯಿ ರೂಪಾಯಿಯ ಉಂಗುರ

ಕಳೆದ ಮಾಘ ಮಾಸದಲ್ಲಿ ನರಗುಂದದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಮಗ್ಗುಲಿಗೆ ಬಂದು ಕುಳಿತವನು ನನ್ನದೇ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಓಮ್‌ನ ನಿಯಮವನ್ನು ತಲೆಕೆಳಗಾಗಿ ಬರೆದು ನನ್ನಿಂದ ಕಿವಿ ಹಿಂಡಿಸಿಕೊಂಡವನು, ಈಗ ವಿದ್ಯುತ್ ಕೆಲಸದ ಗುತ್ತಿಗೆದಾರ. ಗೋಧಿ ಹುಗ್ಗಿಗೆ ತುಪ್ಪ ಬೀಳುವುದನ್ನು ಕಾಯುತ್ತ ಆತ ಬಹಳ ಹೊತ್ತು ನನ್ನ ಕೈಯನ್ನೇ ನೋಡಿದ. ಕೊನೆಗೆ ತಡೆಯಲಾರದೆ, "ಸರ್, ಇದು ಯಾವ ಗ್ರಹಕ್ಕ ಹಾಕ್ಕೊಂಡೀರಿ? ಚಂದ್ರಗೊ, ಶುಕ್ರಗೊ?" ಎಂದು ಕೇಳಿದ.

"ಯಾವ ಗ್ರಹಕ್ಕೂ ಅಲ್ಲಪ್ಪಾ, ಮದುವಿ ಉಂಗುರ" ಎಂದೆ.

"ಬೆಳ್ಳೀದ?" ಎಂದವನು ಮತ್ತೆ ಬಾಗಿ ನೋಡಿ, "ಅಲ್ರಿ, ಇದಕ್ಕ ತ್ಯಾಪಿ ಬ್ಯಾರೆ ಹಚ್ಚೈತಿ!" ಎಂದ.

ಬೆಳ್ಳಿಯ ಉಂಗುರ ತೊಟ್ಟ ಗಂಡಸನ್ನು ಕಂಡರೆ ನಮ್ಮ ಸೀಮೆಯವರಿಗೆ ಹೊಳೆಯುವ ಕಾರಣಗಳು ಎರಡೇ. ಒಂದು ಗ್ರಹಚಾರ, ಇನ್ನೊಂದು ಬಡತನ. ಆತ ಮೊದಲನೆಯದನ್ನು ಮಾತ್ರ ಕೇಳಿದ್ದು ಆತನ ಸೌಜನ್ಯ. ಹುಗ್ಗಿ ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು. ಅಂದು ಹೇಳಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪೂ ಇದೆ. ನನ್ನಿಂದ ಪೆಟ್ಟು ತಿಂದ ವಿದ್ಯಾರ್ಥಿಗಳು ಓದಿ ಸಂತೋಷಪಡಬಹುದು.

ನಮ್ಮಲ್ಲಿ ಲೋಹಗಳಿಗೂ ಮೇಲು ಕೀಳುಗಳುಂಟು. ಬಂಗಾರ ಲಕ್ಷ್ಮಿ. ಆದ್ದರಿಂದ ಅದನ್ನು ಸೊಂಟದಿಂದ ಕೆಳಗೆ ಧರಿಸಬಾರದು. ಬೆಳ್ಳಿ ಕಾಲಿಗೆ. ಹೆಣ್ಣಿಗೆ ಮದುವೆಯ ಗುರುತೆಂದರೆ ಕೊರಳ ತಾಳಿ, ಮತ್ತೆ ಕಾಲಿನ ಎರಡನೆಯ ಬೆರಳಿಗೆ ಹಾಕುವ ಬೆಳ್ಳಿಯ ಕಾಲುಂಗುರ. ಅದನ್ನು ಯಾರು ತೊಡಿಸಬೇಕು ಎಂಬುದು ಮನೆಯಿಂದ ಮನೆಗೆ ಬೇರೆಬೇರೆ, ಆದರೆ ಒಮ್ಮೆ ತೊಟ್ಟ ಮೇಲೆ ಗಂಡ ಇರುವತನಕ ತೆಗೆಯುವಂತಿಲ್ಲ. ಗಂಡಸಿಗೆ ಇಂಥ ಗುರುತು ಒಂದೂ ಇಲ್ಲ. ವೈದಿಕರಲ್ಲಿ ಕರ್ಮಾಂಗವಾಗಿ ಅನಾಮಿಕಾ ಬೆರಳಿಗೆ ದರ್ಭೆಯ ಪವಿತ್ರವನ್ನು ಹಾಕುತ್ತಾರೆ. ಅದೂ ಹುಲ್ಲಿನ ಉಂಗುರ, ಕರ್ಮ ಮುಗಿದೊಡನೆ ಬಿಚ್ಚಿ ಎಸೆಯುವಂಥದು. ಮದುಮಗನ ಕೈಯಲ್ಲಿ ಹೊಳೆಯುವ ಬಂಗಾರದ ಉಂಗುರವಿದೆಯಲ್ಲ, ಅದು ವ್ರತದ ಗುರುತಲ್ಲ, ಬೀಗರ ಮನೆಯ ಕೊಡುಗೆ. ಅಂದಮೇಲೆ ಅದಕ್ಕೊಂದು ತೂಕವುಂಟು, ತೂಕಕ್ಕೊಂದು ಚೌಕಾಸಿಯೂ ಉಂಟು.

ಪಾಶ್ಚಾತ್ಯರಲ್ಲಿ ಈ ಉಂಗುರಕ್ಕೆ ದೊಡ್ಡ ಇತಿಹಾಸವಿದೆ. ಆದರೆ ಅಲ್ಲಿಯೂ ಗಂಡಸರು ಮದುವೆಯ ಉಂಗುರ ತೊಡುವುದು ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅದಕ್ಕೂ ಬಹು ಹಿಂದೆ, ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಪ್ಲಿನಿ, ನಿಶ್ಚಯವಾದ ಹೆಣ್ಣಿಗೆ ಹರಳಿಲ್ಲದ ಕಬ್ಬಿಣದ ಉಂಗುರ ಕಳಿಸುವ ಪದ್ಧತಿ ತನ್ನ ಕಾಲದಲ್ಲಿಯೂ ಉಳಿದಿದೆ ಎಂದು ಬರೆದಿಟ್ಟಿದ್ದಾನೆ. ಆ ಬೆರಳಿನಿಂದ ಹೃದಯಕ್ಕೆ ನೇರವಾಗಿ ಒಂದು ನರವಿದೆಯೆಂದು ಪ್ರಾಚೀನರು ನಂಬಿದ್ದರಂತೆ. ವಿಜ್ಞಾನ ಕಲಿಸಿದವನಾಗಿ ಹೇಳುತ್ತೇನೆ, ಅಂಥ ನರವಿಲ್ಲ. ನಮ್ಮವರು ಆ ಬೆರಳನ್ನು ಅನಾಮಿಕಾ, ಹೆಸರಿಲ್ಲದ್ದು, ಎಂದು ಕರೆದರು. ನನಗೆ ಅದೇ ಸರಿಯೆನಿಸುತ್ತದೆ.

ನನ್ನ ಮದುವೆ 1986ರ ಮೇ ತಿಂಗಳಲ್ಲಿ. ನನ್ನ ಪತ್ನಿಯ ತವರು ನರೇಗಲ್ಲಿನ ಕಡೆ, ಎರೆ ಹೊಲದ ಒಕ್ಕಲುತನ. ಬಿ.ಎಡ್. ಓದುವಾಗ ವರದಕ್ಷಿಣೆಯ ವಿರುದ್ಧ ಚರ್ಚಾಸ್ಪರ್ಧೆಯಲ್ಲಿ ಮಾತನಾಡಿ ಬಹುಮಾನ ಪಡೆದವನು ನಾನು. ಆದ್ದರಿಂದ ಹುಂಡಾ ಬೇಡವೆಂದು ಹಿರಿಯರೆದುರು ಖಡಾಖಂಡಿತವಾಗಿ ಹೇಳಿದೆ. ನಮ್ಮ ದೊಡ್ಡಪ್ಪ ಒಪ್ಪಿದರು. ಆದರೆ ಯಾದಿ ಬರೆಯುವಾಗ, "ಹುಂಡಾ ಬ್ಯಾಡ ಅಂತಾನ, ಬಿಡ್ರಿ. ನೌಕರಿ ಇದ್ದ ಹುಡುಗ, ಬರಿಗೈಲೆ ಹಂದರದಾಗ ನಿಲ್ಲಿಸಾಕ ಬರೂದಿಲ್ಲ. ಅರ್ಧ ತೊಲಿ ಉಂಗುರ ಬರೀರಿ" ಎಂದರು. ಬರೆದರು. ನಾನು ಅಲ್ಲೇ ಕುಳಿತಿದ್ದೆ, ಬಾಯಿ ತೆರೆಯಲಿಲ್ಲ. ಉಂಗುರವು ವರದಕ್ಷಿಣೆಯೋ ಉಡುಗೊರೆಯೋ ಎಂಬ ಪ್ರಶ್ನೆ ಚರ್ಚಾಸ್ಪರ್ಧೆಯಲ್ಲಿ ಬಂದಿರಲಿಲ್ಲ.

ಅವು ಬರಗಾಲದ ವರುಷಗಳು. ಹಿಂದಿನ ಮುಂಗಾರಿಯಲ್ಲಿ ಹೆಸರು ಕೈಗೆ ಹತ್ತಲಿಲ್ಲ. ಹಿಂಗಾರಿ ಜೋಳ ತೆನೆ ಹಿರಿಯದೆ ಮೇವಾಯಿತು. ಬಂಗಾರ ಹತ್ತು ಗ್ರಾಮಿಗೆ ಎರಡು ಸಾವಿರ ರೂಪಾಯಿಯನ್ನು ದಾಟಿತ್ತು. ಇಂದಿನ ಮಕ್ಕಳಿಗೆ ನಗು ಬರುವ ಬೆಲೆ, ಆದರೆ ಅದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಮದುವೆಗೆ ಮೂರು ವಾರ ಇದ್ದಾಗ ಮಾವನವರು ರೋಣದಲ್ಲಿದ್ದ ನನ್ನ ಬಾಡಿಗೆ ಕೋಣೆಗೆ ಒಬ್ಬರೇ ಬಂದರು. ನೀರು ಕುಡಿದು, ಪೇಟದ ಚುಂಗಿನಿಂದ ಮುಖ ಒರೆಸಿಕೊಂಡು, "ಮಾಸ್ತರ್ರ, ಬಂಗಾರ ಈ ವರ್ಷ ಆಗೂದಿಲ್ಲ. ಮನ್ಯಾಗ ಹಳೇ ರೂಪಾಯಿ ಅದಾವು. ಈಗ ಬೆಳ್ಳೀದು ಹಾಕ್ತೀನಿ. ಮುಂದ ಹತ್ತಿ ಚಲೋ ಬಂದ ವರ್ಷ ಯಾದ್ಯಾಗ ಬರದಿದ್ದು ಹಾಕ್ತೀನಿ" ಎಂದರು. ನಾನು ಉದಾರಿಯಂತೆ, ಬೆಳ್ಳಿಯಾದರೇನು, ನನಗೆ ಅದೂ ಬೇಡವಾಗಿತ್ತು ಎಂದೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಬೆರಳಿನ ಅಳತೆ ಕೊಡಲು ಇಬ್ಬರೂ ಕೂಡಿ ಗಜೇಂದ್ರಗಡಕ್ಕೆ ಹೋದೆವು. ಗುಡ್ಡದ ಕೋಟೆಯ ಕೆಳಗಿನ ಪೇಟೆಯ ಒಂದು ಓಣಿಯಲ್ಲಿ ಮಾವನವರ ಪರಿಚಯದ ಪತ್ತಾರ ಅಜ್ಜನ ಮನೆ. ಮುಂದಿನ ಪಡಸಾಲೆಯೇ ಅಂಗಡಿ. ಅಗ್ಗಿಷ್ಟಿಗೆ, ಊದುಗೊಳವಿ, ಮೂಸೆ, ಎಣ್ಣೆಯ ಕೈ ಹತ್ತಿ ಕಪ್ಪಾದ ಒರೆಗಲ್ಲು. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣದ ಆಜ್ಞೆಯನ್ನು ಅಜ್ಜ ಇನ್ನೂ ಮರೆತಿರಲಿಲ್ಲ. 14 ಕ್ಯಾರೆಟ್ಟಿಗಿಂತ ಮೇಲಿನ ಚಿನ್ನದಲ್ಲಿ ಹೊಸ ಒಡವೆ ಮಾಡಬಾರದೆಂದು ಸರ್ಕಾರ ಅಂದು ಕಟ್ಟು ಮಾಡಿದಾಗ ಪತ್ತಾರರ ಎಷ್ಟೋ ಮನೆಗಳ ಕುಲುಮೆ ಆರಿತು. ಆ ನಿರ್ಬಂಧ ಮುಂದೆ ಸಡಿಲಾದರೂ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು. ಅದು ರದ್ದಾದದ್ದು 1990ರಲ್ಲಿ. "ಆವಾಗ ನಮ್ಮ ಹೊಟ್ಟಿ ಹೊರದದ್ದು ಈ ಕಾಲುಂಗುರದ ಬೆಳ್ಳಿ ನೋಡ್ರಿ. ಅದಕ್ಕ ಬೆಳ್ಳೀಗಿ ನಾ ಹಗರ ಮಾತಾಡೂದಿಲ್ಲ" ಎಂದರು ಅಜ್ಜ.

ಮಾವನವರು ಬಿಚ್ಚಿದ ಗಂಟಿನಲ್ಲಿ ಎರಡು ರೂಪಾಯಿಗಳಿದ್ದವು. ಅಜ್ಜ ಒಂದನ್ನು ಕಣ್ಣ ಹತ್ತಿರ ಹಿಡಿದು ಇಸವಿ ಓದಿಸಿದರು. 1944. "ಇದು ಲಡಾಯಿ ರೂಪಾಯಿರಿ. ಅರ್ಧಾನ ಬೆಳ್ಳಿ" ಎಂದರು. ಮಾವನವರ ಮುಖ ಇಳಿಯಿತು. ರಾಣಿಯ ಕಾಲದಿಂದಲೂ ರೂಪಾಯಿ ಎಂದರೆ ಬೆಳ್ಳಿ ಎಂದು ನಂಬಿದ್ದ ಜೀವ ಅದು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಹಳೆಯ ಚಟ. ಬ್ರಿಟಿಷರ ಕಾಲದ ರೂಪಾಯಿಯ ತೂಕ 180 ಗ್ರೇನು, ಅಂದರೆ 11.66 ಗ್ರಾಂ. ಅದೇ ಒಂದು ತೊಲಿ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಇಂದು ನೀವು ಅಂಗಡಿಯಲ್ಲಿ 916ರ ಮುದ್ರೆ ನೋಡಿ ಕೊಳ್ಳುವ 22 ಕ್ಯಾರೆಟ್ ಬಂಗಾರವಿದೆಯಲ್ಲ, ಅದೂ 24ಕ್ಕೆ 22, ಅಂದರೆ ಹನ್ನೆರಡಕ್ಕೆ ಹನ್ನೊಂದೇ ಪಾಲು. ನಮ್ಮ ಅಜ್ಜಿಯರ ರೂಪಾಯಿಯ ಬೆಳ್ಳಿಗೂ ಇಂದಿನ ಬಂಗಾರಕ್ಕೂ ಶುದ್ಧತೆ ಒಂದೇ. ಯುದ್ಧದ ಒತ್ತಡದಲ್ಲಿ 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಉಳಿದರ್ಧದಲ್ಲಿ ಹೆಚ್ಚಿನದು ತಾಮ್ರ, ಜೊತೆಗೆ ಚೂರು ನಿಕ್ಕೆಲ್, ಚೂರು ಸತು. ಅಷ್ಟಾದರೂ ಸಾಲಲಿಲ್ಲ. 1944ರಲ್ಲಿ ಅಮೆರಿಕ 22 ಕೋಟಿ ಔನ್ಸಿಗೂ ಮಿಕ್ಕು ಬೆಳ್ಳಿಯನ್ನು ಭಾರತಕ್ಕೆ ಕಡವಾಗಿ ಕೊಟ್ಟಿತು, ಯುದ್ಧ ಮುಗಿದ ಮೇಲೆ ಬೆಳ್ಳಿಯನ್ನೇ ಹಿಂದಿರುಗಿಸಬೇಕೆಂಬ ಕರಾರಿನ ಮೇಲೆ. 1947ಕ್ಕೆ ನಮ್ಮ ರೂಪಾಯಿ ನಿಕ್ಕೆಲ್ಲಿನದಾಯಿತು, ಮರಳಿ ಬಂದ ಬೆಳ್ಳಿಯ ನಾಣ್ಯಗಳು ಸಾಲ ತೀರಿಸಲು ಕರಗಿದವು. ನರೇಗಲ್ಲಿನ ಅಡಕಲ ಗಡಿಗೆಯಲ್ಲಿ ಅಡಗಿದ್ದ ಈ ಎರಡು ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ಉಳಿದಿದ್ದವು. ಸಾಲಗಾರ ಮಾವನ ಉಂಗುರಕ್ಕೆ ಸಾಲದ ಕಾಲದ ಬೆಳ್ಳಿಯೇ ಒದಗಿತೆಂದು ಎಷ್ಟೋ ವರುಷಗಳ ಮೇಲೆ ಓದಿ ತಿಳಿದಾಗ ನನಗೆ ನಗು ಬರಲಿಲ್ಲ.

ಅಸಲು ಬೆಳ್ಳಿಯ ರೂಪಾಯಿಯೂ ಅವರ ಮನೆಯಲ್ಲಿ ಒಂದಿತ್ತು, 1918ರದು, ಐದನೆಯ ಜಾರ್ಜನ ತಲೆಯದು. ಆದರೆ ಅದು ದೇವರ ಜಗಲಿಯ ಮೇಲೆ ಇತ್ತು, ದೀಪಾವಳಿಯ ಲಕ್ಷ್ಮೀಪೂಜೆಗೆ. ಅದನ್ನು ಕೇಳುವ ಮಾತೇ ಇರಲಿಲ್ಲ.

ಪತ್ತಾರ ಅಜ್ಜ ಎರಡನ್ನೂ ಒಂದೇ ಮೂಸೆಯಲ್ಲಿ ಹಾಕಿ, ಬಿಳಿಗಾರ ಉದುರಿಸಿ ಕರಗಿಸಿದರು. ಈ ಮಿಶ್ರಣ ಬಡಿದರೆ ಸೀಳುತ್ತದೆಂದು ಮತ್ತೆ ಮತ್ತೆ ಕಾಯಿಸಿ ತಣಿಸಿ ಬಡಿಯಬೇಕಾಯಿತು. ಒಂದೇ ಕಂಬಿಯಿಂದ ನನಗೊಂದು ಕೈಯುಂಗುರ, ವಧುವಿಗೆ ಒಂದು ಜೊತೆ ಕಾಲುಂಗುರ. ಮಿಕ್ಕ ಚೂರನ್ನು ಕಾಗದದಲ್ಲಿ ಕಟ್ಟಿ ಮಾವನವರಿಗೆ ಹಿಂದಕ್ಕೆ ಕೊಟ್ಟರು. ಮಜೂರಿಯನ್ನು ಸುಗ್ಗಿಗೆ ಕೊಡಿರೆಂದರು.

ಹಂದರದಲ್ಲಿಯೇ ಒಬ್ಬರು ಅಂದರು: "ಮಾಸ್ತರಗ ಕಾಲುಂಗುರ ಕೈಗೆ ಹಾಕ್ಯಾರ." ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಮಾವನವರು ಅಕ್ಕಿಕಾಳಿನ ತಟ್ಟೆ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದರು.

ಮೊದಲ ಎರಡು ವರುಷ ಉಂಗುರ ನನ್ನ ಬೆರಳಿನಲ್ಲೇ ಇತ್ತು. ತಾಮ್ರದಂಶ ಹೆಚ್ಚಾದ್ದರಿಂದ ಬೇಸಿಗೆಯ ಬೆವರಿಗೆ ಬೆರಳಿನ ಮೇಲೆ ಹಸಿರು ವರ್ತುಲ ಮೂಡುತ್ತಿತ್ತು. ಬೆಳ್ಳಿಯಂಶ ಗಾಳಿಯ ಗಂಧಕಕ್ಕೆ ಕಪ್ಪಾಗುತ್ತಿತ್ತು. ನನ್ನ ಪತ್ನಿ ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕಿಕೊಡುತ್ತಿದ್ದಳು. ಶಿಕ್ಷಕರ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬರು ದಿನವೂ ತಮಾಷೆ ಮಾಡುತ್ತಿದ್ದರು. ಯಾವ ಶನಿ, ಎಷ್ಟು ವರುಷದ್ದು ಎಂಬುದೇ ಆ ತಮಾಷೆ. ಕೆಟ್ಟವರೇನಲ್ಲ. ಒಂದು ಮಾತನ್ನು ನೂರು ಸಲ ಹೇಳುವವರು, ಅಷ್ಟೆ. 1989ರಲ್ಲಿ ನನಗೆ ಸಂಬಳದ ಬಾಕಿ ಒಟ್ಟಿಗೆ ಬಂತು. ಮನೆಯಲ್ಲಿ ಹೇಳದೆ ಗದಗಿಗೆ ಹೋಗಿ ಅರ್ಧ ತೊಲಿಯ ಬಂಗಾರದ ಉಂಗುರ ಕೊಂಡೆ. ಯಾದಿಯಲ್ಲಿ ಬರೆದಿದ್ದಷ್ಟೇ ತೂಕ. ಆ ಅಳತೆ ನನ್ನ ತಲೆಯಲ್ಲಿ ಹಾಗೇ ಕುಳಿತಿತ್ತೆಂದು ನನಗೇ ಗೊತ್ತಿರಲಿಲ್ಲ. ಬಚ್ಚಲಲ್ಲಿ ಸಾಬೂನು ಹಚ್ಚಿ ಬೆಳ್ಳಿಯದನ್ನು ತೆಗೆದೆ.

ಊಟಕ್ಕೆ ಬಡಿಸುವಾಗ ಪತ್ನಿ ನೋಡಿದಳು. "ಛಂದ ಐತಿರಿ" ಎಂದಳು. "ಅದ ಎಲ್ಲೈತಿ?" ಎಂದು ಕೇಳಿದಳು. ಕೊಟ್ಟೆ. ಒಳಗೆ ಇಟ್ಟುಬಂದಳು. ಅಷ್ಟೇ. ಒಂದು ಜಗಳವಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ನೆಲ ಸಾರಿಸಲು ಕುಳಿತಾಗ, ರೊಟ್ಟಿ ಬಡಿಯುವಾಗ, ನನ್ನ ಕಣ್ಣು ತಾನಾಗಿ ಆ ಕಾಲುಬೆರಳುಗಳ ಕಡೆಗೆ ಹೋಗುತ್ತಿತ್ತು. ಒಂದೇ ಮೂಸೆಯಿಂದ ಬಂದದ್ದು ಒಂದು ಕಡೆ ಉಳಿದು ಇನ್ನೊಂದು ಕಡೆ ಇಲ್ಲವಾಗಿತ್ತು.

ಅದೇ ಶ್ರಾವಣದಲ್ಲಿ ಪಂಚಮಿಗೆ ಮಗಳನ್ನು ಕರೆದೊಯ್ಯಲು ಮಾವನವರು ಬಂದರು. ಚಹಾದ ಬಟ್ಟಲು ಕೊಡುವಾಗ ಬೆರಳು ಕಂಡಿತು. ಅವರು ಬಟ್ಟಲನ್ನು ಕೆಳಗಿಟ್ಟು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ನೇಗಿಲು ಹಿಡಿದು ಬಿರಿದ ಕೈಗಳು. "ನಾ ಹಾಕಬೇಕಾಗಿತ್ತು, ಮಾಸ್ತರ್ರ" ಎಂದರು. ಬೇರೇನೂ ಅನ್ನಲಿಲ್ಲ. ಹಾಗಲ್ಲ, ಇದು ಸುಮ್ಮನೆ ಶೋಕಿಗೆ, ನಿಮ್ಮ ಉಂಗುರವೇ ನಿಜವಾದದ್ದು ಎಂದು ನಾನು ಹೇಳಬಹುದಾಗಿತ್ತು. ಚರ್ಚಾಸ್ಪರ್ಧೆಯ ಬಾಯಿ ಆ ದಿನವೂ ತೆರೆಯಲಿಲ್ಲ. ಹತ್ತಿ ಚಲೋ ಬಂದ ವರುಷ ಅವರ ಪಾಲಿಗೆ ಬರಲೇ ಇಲ್ಲ. 1991ರಲ್ಲಿ ತೀರಿಕೊಂಡರು. ಅಂತ್ಯಕ್ಕೆ ಮಣ್ಣು ಹಾಕುವಾಗ ಆ ಬಂಗಾರದ ಉಂಗುರ ನನ್ನ ಕೈಯಲ್ಲಿತ್ತು.

ಕಾಳಿದಾಸನ ಶಾಕುಂತಲದ ಕಥೆಯನ್ನು ನೀವೆಲ್ಲ ಬಲ್ಲಿರಿ. ಮಹಾಭಾರತದ ಮೂಲ ಕಥೆಯಲ್ಲಿ ಉಂಗುರವೇ ಇಲ್ಲ, ಅದನ್ನು ತಂದವನು ಕಾಳಿದಾಸ. ದುಷ್ಯಂತ ಉಂಗುರ ಕೊಟ್ಟು, ಇದರ ಮೇಲಿನ ನನ್ನ ಹೆಸರಿನ ಅಕ್ಷರಗಳನ್ನು ದಿನಕ್ಕೊಂದರಂತೆ ಎಣಿಸು, ಮುಗಿಯುವಷ್ಟರಲ್ಲಿ ಕರೆಯಲು ಬರುತ್ತಾರೆ ಎಂದು ಹೇಳಿ ಹೋಗಿ ಮರೆತುಬಿಡುತ್ತಾನೆ. ಅವನನ್ನು ಕಾಪಾಡಲು ಕವಿ ದುರ್ವಾಸನ ಶಾಪವನ್ನು ಅಡ್ಡ ಇಟ್ಟ. ನನಗೆ ಶಾಪದ ನೆಪವೂ ಇರಲಿಲ್ಲ. ಶಿಕ್ಷಕರ ಕೊಠಡಿಯ ಒಂದು ನಗೆ ಸಾಕಾಯಿತು.

ಬಂಗಾರವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. 2012ರಲ್ಲಿ ಮಗಳನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸುವಾಗ ಆ ಉಂಗುರವನ್ನು ಮಾರಿದೆ. ಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಬಂತು. ಬಂಗಾರ ಮಾಡಬೇಕಾದ ಕೆಲಸವನ್ನು ಮಾಡಿತು. ಅಲ್ಲಿಂದ ಹನ್ನೊಂದು ವರುಷ ನನ್ನ ಬೆರಳು ಬರಿದಾಗಿತ್ತು.

2023ರಲ್ಲಿ ಮಗಳ ಮದುವೆ ಗೊತ್ತಾಯಿತು. ಇಬ್ಬರೂ ಬೆಂಗಳೂರಿನಲ್ಲಿ ನೌಕರಿ, ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದವರು. ಈಗ ನಿಶ್ಚಯದಲ್ಲಿ ಗಂಡು ಹೆಣ್ಣು ಇಬ್ಬರೂ ಉಂಗುರ ಬದಲಿಸಿಕೊಳ್ಳುವುದು ನಮ್ಮ ಗಜೇಂದ್ರಗಡದ ಕಲ್ಯಾಣ ಮಂಟಪಗಳಿಗೂ ಬಂದಿದೆ. ಅಂಗಡಿಯವರು ಪ್ಲಾಟಿನಂ ತೋರಿಸಿದರಂತೆ, ವಜ್ರ ತೋರಿಸಿದರಂತೆ. ಮಗಳು ಫೋನು ಮಾಡಿ, "ಅಪ್ಪಾ, ಸಾಸಿವಿ ಡಬ್ಬ್ಯಾಗ ಒಂದು ಕರೀ ಉಂಗುರ ಇರತಿತ್ತಲ್ಲ, ಅದನ್ನ ನಮಗ ಕೊಡತೀಯೇನು? ಕರಗಿಸಿ ಎರಡು ಮಾಡಿಸ್ಕೋತೀವಿ" ಎಂದಳು. ಅದು ಸಾಸಿವೆ ಡಬ್ಬಿಯಲ್ಲಿತ್ತೆಂಬುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅದರ ಕಥೆಯನ್ನು ತಾಯಿ ಎಂದೋ ಹೇಳಿದ್ದಳು. ಎಷ್ಟು ಹೇಳಿದ್ದಳೆಂದು ನಾನು ಕೇಳಲಿಲ್ಲ.

ಹೂಂ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಅದು ಕೊಡಾಕ ಬರೂದಿಲ್ಲವಾ" ಎಂಬ ಮಾತು. ಒಳಗಿನಿಂದ ಪತ್ನಿ ಹೊರಗೆ ಬಂದು ನನ್ನ ಮುಖ ನೋಡಿದಳು. ಆಮೇಲೆ ತನ್ನ ಟ್ರಂಕು ತೆಗೆದು ಕುಂಕುಮ ಹತ್ತಿದ 1918ರ ರೂಪಾಯಿಯನ್ನು ತಂದಿಟ್ಟಳು. ಮದುವೆಯಲ್ಲಿ ಉಡಿ ತುಂಬುವಾಗ ಆಕೆಯ ತಾಯಿ ಅಕ್ಕಿಯೊಳಗೆ ಹಾಕಿದ್ದಂತೆ, ಯಾರಿಗೂ ಹೇಳದೆ. "ದೇವರ ರೂಪಾಯಿ, ಕರಗಸಬಹುದೇನು?" ಎಂದೆ. "ಮಕ್ಕಳ ಕೈಗೆ ಹೋದರ ದೇವರೇನು ಸಿಟ್ಟಾಗೂದಿಲ್ರಿ" ಎಂದಳು.

ಗಂಡಿನ ತಾಯಿಗೆ ಇದು ಹಿಡಿಸಲಿಲ್ಲ. ಬೆಳ್ಳಿ ಎಂದರೆ ಜನ ಏನೆಂದಾರು, ಹೆಣ್ಣಿನ ಮನೆಯವರಿಗೆ ಅಷ್ಟೂ ಆಗಲಿಲ್ಲವೇ ಎಂದಾರು ಎಂಬುದು ಅವರ ಅಳುಕು. ಅದು ಸುಳ್ಳು ಅಳುಕಲ್ಲ, ಜನ ಏನೆನ್ನುತ್ತಾರೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನಾನು ಹೋಗಿ ಕುಳಿತು, ನನ್ನ ಉಂಗುರದ ಕಥೆಯನ್ನು, ಇಲ್ಲಿ ಬರೆದಂತೆಯೇ, ಏನನ್ನೂ ಬಿಡದೆ ಹೇಳಿದೆ. ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಉಂಗುರದ ಪ್ರಸ್ತಾಪವೇ ಇಲ್ಲವೆಂಬ ಪಾಂಡಿತ್ಯವನ್ನೂ ಸೇರಿಸಿದೆ, ಅದರಿಂದೇನೂ ಉಪಯೋಗವಾಗಲಿಲ್ಲ. ಅವರು ಮಗನಿಗೆ ತಮ್ಮ ಕಡೆಯಿಂದ ಒಂದು ಬಂಗಾರದ್ದನ್ನೂ ಹಾಕುವುದೆಂದು ತೀರ್ಮಾನವಾಯಿತು. ಅದು ಈಗ ಬ್ಯಾಂಕಿನ ಲಾಕರಿನಲ್ಲಿದೆ, ಬೆಳ್ಳಿಯದು ಬೆರಳಿನಲ್ಲಿದೆ ಎಂದು ಮಗಳು ಹೇಳುತ್ತಾಳೆ. ನಾನು ಪರೀಕ್ಷಿಸಲು ಹೋಗಿಲ್ಲ.

ಗಜೇಂದ್ರಗಡದ ಅದೇ ಓಣಿಗೆ ಮತ್ತೆ ಹೋದೆವು. ಅಜ್ಜ ಇಲ್ಲ, ಮೊಮ್ಮಗನ ಅಂಗಡಿ. ಊದುಗೊಳವಿಯ ಜಾಗದಲ್ಲಿ ಗ್ಯಾಸಿನ ಸಣ್ಣ ಬರ್ನರು. ಇಡಿಯ ರೂಪಾಯಿಗೆ ಕರಗಿಸಿದ ಬೆಳ್ಳಿಗಿಂತ ಹೆಚ್ಚು ಬೆಲೆ ಬರುತ್ತದೆ, ಕರಗಿಸಬೇಡಿರೆಂದು ಆತ ಪ್ರಾಮಾಣಿಕವಾಗಿ ಹೇಳಿದ. ಮಗಳು ಕೇಳಲಿಲ್ಲ. ತಲಾ ಐದೈದು ಗ್ರಾಮಿನ ಎರಡು ಉಂಗುರಗಳಾದವು, ಹರಳಿಲ್ಲ, ಕೆತ್ತನೆಯಿಲ್ಲ.

ಆಮೇಲೆ ನಾನು ಕಿಸೆಯಿಂದ ನನ್ನದನ್ನು ತೆಗೆದೆ. ಮನೆಯಲ್ಲಿ ಅಲ್ಯುಮಿನಿಯಂ ಹಾಳೆಯ ಮೇಲಿಟ್ಟು, ಅಡುಗೆ ಸೋಡಾ ಹಾಕಿದ ಬಿಸಿನೀರೆರೆದು ಕಪ್ಪು ಬಿಡಿಸಿದ್ದೆ. ಒಂಬತ್ತನೆಯ ತರಗತಿಯವರಿಗೆ ತೋರಿಸಬಹುದಾಗಿದ್ದ ಪ್ರಯೋಗ. ಆದರೆ ಅರವತ್ತು ದಾಟಿದ ಗೆಣ್ಣು ದಪ್ಪನಾಗಿತ್ತು, ಉಂಗುರ ಅರ್ಧಕ್ಕೇ ನಿಂತಿತು. ಕತ್ತರಿಸಿ ನಡುವೆ ಚೂರು ಸೇರಿಸಬೇಕು, ಆದರೆ ಹೊಸ ಬೆಳ್ಳಿ ಸೇರಿಸಿದರೆ ಬಣ್ಣ ಕೂಡುವುದಿಲ್ಲ ಎಂದ ಹುಡುಗ. ಆಗ ಪತ್ನಿ ಸೆರಗಿನ ಗಂಟು ಬಿಚ್ಚಿದಳು. ಸವೆದು ತಂತಿಯಂತಾದ ಮೇಲೆ ಎಂದೋ ಬದಲಿಸಿದ್ದ ಹಳೆಯ ಕಾಲುಂಗುರ, ಒಂದು. ಹುಡುಗ ಎರಡನ್ನೂ ಒರೆಗಲ್ಲಿಗೆ ಉಜ್ಜಿ ನೋಡಿ, "ಒಂದ ಕಂಬೀವು ಅದಾವಲ್ರಿ ಇವು!" ಎಂದ.

ಬೆಸುಗೆಯ ಗೆರೆ ಎರಡೂ ಕಡೆ ಕಾಣುತ್ತದೆ. ಪಾಲಿಶ್ ಮಾಡಿ ಮುಚ್ಚಲೇ ಎಂದು ಆತ ಕೇಳಿದ, ಬೇಡವೆಂದೆ. ನರಗುಂದದ ಪಂಕ್ತಿಯಲ್ಲಿ ನೀನು ಕಂಡ ತೇಪೆ ಅದೇನಪ್ಪಾ.

ಬಸ್ಸಿನಲ್ಲಿ ರೋಣಕ್ಕೆ ಮರಳುವಾಗ ನಾನು ಬೆರಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಆಕೆ ಕಿಟಕಿಯ ಹೊರಗೆ, ಗುಡ್ಡದ ಮೇಲೆ ತಿರುಗುವ ಗಾಳಿ ರಾಟೆಗಳನ್ನು ನೋಡುತ್ತಿದ್ದವಳು ನನ್ನ ಕಡೆ ತಿರುಗದೆಯೇ ಹೇಳಿದಳು: "ಬಚ್ಚಲಕ್ಕ ಹೋದಾಗ ಸಾಬೂನ ಜ್ವಾಕಿರಿ."